ಅಂಕಲಿಯಲ್ಲಿ ಸಿಕ್ಕ ಬಡಕಲು ಹೋರಿ

ಧಾರವಾಡದಿಂದ ನಸುಕಿನಲ್ಲಿ ಹೊರಟ ಕೆಂಪು ಬಸ್ಸು ನಿಪ್ಪಾಣಿ ಮುಟ್ಟಿದಾಗ ಬಿಸಿಲು ಏರಿತ್ತು. ಎಂಬತ್ತರ ದಶಕದ ಕೊನೆಯ ಚಳಿಗಾಲ. ದನದ ಡಾಕ್ಟರಾದ ನನಗೆ ಒಪ್ಪಿಸಿದ ಕೆಲಸ ಒಂದೇ: ಕೃಷ್ಣಾ ತೀರದ ತಳಿಯ ಒಂದು ಒಳ್ಳೆಯ ಹೋರಿಯನ್ನು ತಳಿಕೇಂದ್ರಕ್ಕೆ ಆರಿಸುವುದು. ಮೂರು ದಿನದಲ್ಲಿ ಸಿಗದಿದ್ದರೆ ಆ ಜಾಗದಲ್ಲಿ ಜರ್ಸಿ ಕಟ್ಟುತ್ತೇವೆ ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಜರ್ಸಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ನಮ್ಮದೊಂದು ತಳಿ ಕಣ್ಣೆದುರೇ ಮರೆಯಾಗುವುದೆಂದರೆ ಮನಸ್ಸು ಒಪ್ಪುತ್ತಿರಲಿಲ್ಲ.

ನಿಪ್ಪಾಣಿಯ ತಂಬಾಕು ಪೇಟೆಯ ಘಾಟಿನ ನಡುವೆ ಖಾರದ ಕಾಳಿನ ಮಿಸಳ ತಿಂದು, ಕಣ್ಣೊರೆಸಿಕೊಂಡು ಅಕ್ಕೋಳಕ್ಕೆ ಹೋದೆ. ಅಲ್ಲಿ ಎಲ್ಲಿ ನೋಡಿದರೂ ಓಟಕ್ಕೆ ಹೆಸರಾದ ಖಿಲಾರಿ ತಳಿ. ರೈತರೊಬ್ಬರು ತಮ್ಮ ಹೋರಿಯನ್ನು ಓಡಿಸಿಯೇ ತೋರಿಸಿದರು. "ನೋಡ್ರಿ ಡಾಕ್ಟರ್ರ, ಕುದುರಿನೂ ಹಿಂದ ಬೀಳತೈತಿ!" ಸುಳ್ಳಲ್ಲ. ಸ್ನಾಯುವಿನಲ್ಲಿ ಬಿಳಿ ಎಳೆ, ಕೆಂಪು ಎಳೆ ಎಂದು ಎರಡು ಬಗೆ. ಬಿಳಿಯದು ಜೋರಾಗಿ ಎಳೆದು ಬೇಗ ದಣಿಯುತ್ತದೆ. ಕೆಂಪಿನದು ನಿಧಾನ, ಆದರೆ ದಿನವಿಡೀ ದುಡಿಯುತ್ತದೆ. ಎಲ್ಲ ದನಕ್ಕೂ ಎರಡೂ ಉಂಟು, ಪಾಲು ಮಾತ್ರ ಬೇರೆ. ನಾನು ಹುಡುಕುತ್ತಿದ್ದುದು ಓಡುವ ದನವನ್ನಲ್ಲ, ಎರೆಮಣ್ಣಿನಲ್ಲಿ ನಿಲ್ಲದೆ ಎಳೆಯುವುದನ್ನು.

ಮರುದಿನ ಚಿಕ್ಕೋಡಿಯ ಸುತ್ತ ಅಲೆದೆ. ಎಲ್ಲ ಕೊಟ್ಟಿಗೆಯಲ್ಲೂ ಮಿಶ್ರತಳಿ. ರಾತ್ರಿ ಕಾಲು ನೋವು, ಮೇಲೆ ಬೇಸರ.

ಮೂರನೆಯ ದಿನ ಅಂಕಲಿ. ನೇಮಣ್ಣ ಎಂಬ ಜೈನ ರೈತರ ಮನೆಯಲ್ಲಿ ಆ ತಳಿ ಇದೆಯೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ನೇಮಣ್ಣ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದ ಹೋರಿಯನ್ನು ಹೆಮ್ಮೆಯಿಂದ ಹಿಡಿದು ತಂದರು. ಅಬ್ಬಾ, ಗೋಡೆಯಂತಹ ಮೈ!

"ತಳಿಕೇಂದ್ರದವರು ಹೋರಿ ಹುಡುಕಾಕ ಬರತಾರಂತ ಸುದ್ದಿ ಬಂದು ಎರಡ ತಿಂಗಳಾತ್ರಿ. ಅವತ್ತಿಂದ ನೊಗಾ ಮುಟ್ಟಿಸಿಲ್ಲ. ಶೇಂಗಾ ಹಿಂಡಿ, ಬೆಲ್ಲ, ಬೇಕಾದಷ್ಟ ಹಾಕೇವ್ರಿ," ಎಂದರು.

ಬಾಲದ ಬುಡ ಒತ್ತಿದೆ. ಬೆರಳಿಗೆ ಎಲುಬೇ ಸಿಗಲಿಲ್ಲ. ಬರೀ ಕೊಬ್ಬು. ನೀರು ಬಿಟ್ಟ ಹೊಲದಲ್ಲಿ ನಡೆಸಿದರೆ ಎರಡನೆಯ ಸುತ್ತಿಗೇ ಬಾಯಿ ತೆರೆದು ನಿಂತುಬಿಟ್ಟಿತು. ನೇಮಣ್ಣನ ಮುಖ ಬಾಡಿತು. ನನ್ನದೂ.

ಅಷ್ಟರಲ್ಲಿ ಬದುವಿನ ಹತ್ತಿರ ಅವರದೇ ಕಬ್ಬಿನ ಬಂಡಿ ಕೆಸರಲ್ಲಿ ಹೂತಿತು. ಎತ್ತುಗಳೆರಡೂ ಎಳೆಯಲಾರದೆ ನಿಂತವು. ನೇಮಣ್ಣನ ಹೆಂಡತಿ ಪದ್ಮಕ್ಕ ಗೊಣಗುತ್ತ ಹಿತ್ತಲಿಗೆ ಹೋಗಿ ಪಕ್ಕೆಲುಬು ಕಾಣುವ ಒಂದು ಹೋರಿಯನ್ನು ತಂದು ಎತ್ತುಗಳ ಮುಂದೆ ಸರಪಳಿಗೆ ಕಟ್ಟಿದರು. ಅದು ಕುತ್ತಿಗೆ ತಗ್ಗಿಸಿತು. ಅವಸರವಿಲ್ಲ, ಜಗ್ಗಾಟವಿಲ್ಲ, ಒಂದೊಂದೇ ಹೆಜ್ಜೆ. ಬಂಡಿ ಮೇಲೆ ಬಂತು. ಹೋರಿಯ ಉಸಿರು ಏರಿರಲಿಲ್ಲ!

"ಇದು ಯಾವುದ್ರಿ?" ಎಂದೆ.

"ಆ ಬಣ್ಣ ಹಚ್ಚಿದ್ದರ ತಮ್ಮ ರೀ, ಅದ ಆಕಳ ಕರು," ಪದ್ಮಕ್ಕ ಸೆರಗು ಎಳೆದುಕೊಂಡರು. "ದಿನಾ ದುಡದು ಬಡಕ ಆಗೇತಿ. ಮಂದಿ ಮುಂದ ನಾಚಿಕಿ ಅಂತ ಹಿಂದ ಕಟ್ಟಿದ್ವಿ."

"ಬೀಜ ಒಡೆಸೀರೇನು?" ಎಂದು ಕೇಳಿದೆ. ಒಡೆಸಿದ್ದರೆ ಅದು ಬರೀ ಎತ್ತು, ತಳಿಗೆ ಬಾರದು.

"ಇಲ್ರಿ. ಬರೋ ಸೋಮವಾರ ಒಡೆಸೋದೈತಿ," ಎಂದರು ನೇಮಣ್ಣ.

ಪುಣ್ಯ! ಬದುವಿನ ಮೇಲೆಯೇ ಕುಳಿತು, ಇದನ್ನೇ ಆರಿಸಿದ್ದೇನೆಂದು ಸಾಹೇಬರಿಗೆ ಕಾಗದ ಬರೆದೆ. ತಳಿಕೇಂದ್ರದ ಲಾರಿಗೂ ಅದೇ ಸೋಮವಾರ ಗೊತ್ತುಮಾಡಿದೆ. ನೇಮಣ್ಣ ಬಡಕಲು ಹೋರಿಯ ಬೆನ್ನು ಸವರುತ್ತ ನಿಂತರು. ಅವರ ಕಣ್ಣು ತುಂಬಿತ್ತು.

ಹೊರಡುವಾಗ ಪದ್ಮಕ್ಕ ಬುಟ್ಟಿ ತುಂಬ ಹಿಂಡಿ, ಬೆಲ್ಲ ಹಿಡಿದು ಓಡಿಬಂದರು. "ಇನ್ನ ಇದನ್ನ ಇವಂಗ ಹಾಕ್ಲೇನ್ರಿ ಡಾಕ್ಟರ್ರ?"

"ನಿಮ್ಮ ಕಾಲಿಗಿ ಬೀಳತೀನವ್ವಾ, ಬ್ಯಾಡ!" ಎಂದು ಕೈ ಮುಗಿದೆ. ಎಲ್ಲರೂ ನಕ್ಕರು.

ಚಿಕ್ಕೋಡಿ ಬಸ್ಸು ತಿರುವು ದಾಟುವಾಗ ಕಿಟಕಿಯಿಂದ ಹಿಂದೆ ನೋಡಿದೆ. ಬಣ್ಣದ ಕೋಡಿನ ಅಣ್ಣನ ಹೆಗಲಿಗೆ ಎರಡು ತಿಂಗಳ ಮೇಲೆ ನೊಗ ಬಿದ್ದಿತ್ತು. ಅದರ ತಮ್ಮನೋ ಒಣಮೇವು ಅಗಿಯುತ್ತ ನಿಂತಿತ್ತು, ಮನೆಯ ಮುಂದೆ, ಎಲ್ಲರಿಗೂ ಕಾಣುವಂತೆ.