ಕಾಲುವೆಯ ಗೇಜುಕಲ್ಲು ಕಾಯಲು ಬಂದ ಬೀಗರು

ನಮ್ಮೂರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿರ. ಅಲ್ಲಿಂದ ಹೊರಡುವ ಹಳೆಯ ಕಾಲುವೆಯೊಂದು ನಮ್ಮ ಹೊಲಗಳ ನಡುವೆ ಹಾದು, ಗಡಿ ದಾಟಿ ಆಂಧ್ರಕ್ಕೆ ಹೋಗುತ್ತದೆ. ನನ್ನ ಅಕ್ಕನನ್ನು ಕೊಟ್ಟದ್ದು ಅದೇ ಕಾಲುವೆಯ ಕೆಳಗಿನ, ಗಡಿಯಾಚೆಯ ಊರಿಗೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರೂರಿಗೆ ನೀರು ಸರಿಯಾಗಿ ಮುಟ್ಟದೆ ಜಗಳ ಹತ್ತಿತು. ಮೇಲಿನವರು ಕದಿಯುತ್ತಾರೆ ಎಂದು ಅವರು, ಕಾಲುವೆಯಲ್ಲಿ ಹೂಳು ತುಂಬಿದೆ ಎಂದು ನಾವು. ಆ ವರ್ಷ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದಾಗ ಅವಳ ಮಾವ ನನ್ನನ್ನು ಕೂಡಿಸಿ, ಚಹಾ ಕೊಡಿಸಿ, ಆಮೇಲೆ ಹೇಳಿದರು: “ನೀರು ಕಳಸ್ರಿ, ಸೊಸೀನ ಕಳಸ್ತೀವಿ.”

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ನಾನು ಒಬ್ಬನೇ ಬಂದೆ. ಅವ್ವ ಆ ವರ್ಷ ಜೋಕಾಲಿ ಕಟ್ಟಲು ಬಿಡಲಿಲ್ಲ.

ನಾನಾಗ ರಾಯಚೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ನದಿಯ ಒಪ್ಪಂದವನ್ನು ಬಲಿಷ್ಠರು ಬರೆಯುತ್ತಾರೆ, ಅಂತರರಾಷ್ಟ್ರೀಯ ಸಂಸ್ಥೆಗಳು ಸಹಿ ಹಾಕಲು ಮೇಜು ಒದಗಿಸುತ್ತವೆ ಎಂದು ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಅಂಥ ಒಂದು ಸಂಸ್ಥೆಯ ತಂಡ ಮರುವರ್ಷ ದೇವದುರ್ಗದ ಕಡೆ, ಕೃಷ್ಣೆಯ ಹೊಸ ಕಾಲುವೆಗಳಿಗೆ ಸಾಲ ಕೊಡುವ ಮೊದಲು ನೋಡಿಕೊಂಡು ಹೋಗಲು ಬಂತು. ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬರುತ್ತವೆಂದು ನನ್ನನ್ನು ದುಭಾಷಿಯಾಗಿ ಕಳಿಸಿದರು. ತಂಡದ ಹಿರಿಯರು ಹಾಲೆಂಡಿನವರು ಎಂದು ನನ್ನ ನೆನಪು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶ ಅಂದಿದ್ದರು, ಆದ್ದರಿಂದ ಹಾಲೆಂಡೇ ಇರಬೇಕು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು.

ಜಾಲಹಳ್ಳಿಯ ಬಸ್ ನಿಲ್ದಾಣದ ಬಳಿ ಚಹಾ ಕುಡಿಯುತ್ತ, ಕುಹಕದಿಂದಲೇ, ನನ್ನ ಅಕ್ಕನ ವಿಷಯ ಹೇಳಿದೆ. ನಿಮ್ಮ ಸಂಸ್ಥೆಯ ಯಾವ ನಿಯಮದಲ್ಲಿ ಇದು ಬರುತ್ತದೆ ಎಂದು ಕೇಳಿದ ಹಾಗೆ ನೆನಪು. ಅವರು ನಗಲಿಲ್ಲ. ಆ ಕಾಲುವೆ ತಮ್ಮ ಕೆಲಸಕ್ಕೆ ಸೇರಿದ್ದಲ್ಲ, ತೀರ್ಪು ಕೊಡುವ ಅಧಿಕಾರ ತಮಗಿಲ್ಲ, ಆದರೆ ಎರಡೂ ಕಡೆಯ ಇಂಜಿನಿಯರುಗಳು ಒಪ್ಪಿದರೆ ನೋಡಬಹುದು ಎಂದರು. ಸಾಲ ಕೊಡುವವರ ಮಾತನ್ನು ಯಾರು ತಳ್ಳಿಹಾಕುತ್ತಾರೆ? ಒಪ್ಪಿದರು. ಇದನ್ನು ನಾನು ಆಗಲೂ ಗಮನಿಸಿದ್ದೆ, ಈಗಲೂ ಮರೆಮಾಚುವುದಿಲ್ಲ.

ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸುವ ಗೇಜುಕಲ್ಲು ನಮ್ಮೂರಲ್ಲಿ ಒಂದು, ಅಕ್ಕನ ಊರಲ್ಲಿ ಒಂದು ಇತ್ತು. ಒಬ್ಬರ ಕಲ್ಲಿನ ಲೆಕ್ಕವನ್ನು ಇನ್ನೊಬ್ಬರು ನಂಬುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಎರಡೂರಿನವರನ್ನು ಕೂಡಿಸಿ ಸಾಹೇಬರು ಕೇಳಿದ್ದು ಒಂದೇ. ನಮ್ಮ ಕಲ್ಲಿನ ಬಳಿ ಅಕ್ಕನ ಊರಿನ ಮನುಷ್ಯ ಕೂಡಬೇಕು, ಅವರ ಕಲ್ಲಿನ ಬಳಿ ನಮ್ಮವ. ದಿನವೂ ಎಲ್ಲರಿಗೂ ಕೇಳುವಂತೆ ಮಟ್ಟ ಕೂಗಿ ಹೇಳಬೇಕು. ಹಲವು ದೇಶಗಳಲ್ಲಿ ಹರಿಯುವ ಯಾವುದೋ ನದಿಯಲ್ಲಿ ಹೀಗೆ ಮಾಡಿದ್ದೇವೆ ಎಂದರು. ನದಿಯ ಹೆಸರು ಹೇಳಿದ್ದರು, ನನಗೆ ಮರೆತಿದೆ.

ಅಕ್ಕನ ಊರಿನಿಂದ ಮೊದಲು ಬಂದವನನ್ನು ನಮ್ಮೂರಿನವರು ಬೀಗರಂತೆ ಕಂಡರು. ದಿನಕ್ಕೊಂದು ಮನೆಯ ಊಟ, ಕೊನೆಗೆ ಹೋಳಿಗೆ. ಆತ ನೀರು ಚೆನ್ನಾಗಿಯೇ ಬಿಡುತ್ತಿದ್ದಾರೆ ಎಂದು ಕೂಗಿದ್ದೇ ತಡ, ಅಕ್ಕನ ಮಾವ ಜನ ಕಟ್ಟಿಕೊಂಡು ಬಂದರು.

“ಹೋಳಿಗಿ ತಿಂದವನ ಕಣ್ಣಿಗೆ ನೀರು ಗೇಣು ಹೆಚ್ಚು ಕಾಣ್ತದ,” ಅಂದರು.

“ಬೀಗರೂರಿಂದ ಬಂದವನ್ನ ಉಪಾಸ ಕೆಡವಬೇಕಿತ್ತೇನ್ರಿ?” ಎಂದು ನಮ್ಮಪ್ಪ ಕೇಳಿದ.

ಎರಡೂ ಮಾತನ್ನು ಅನುವಾದಿಸಿದೆ. ಸಾಹೇಬರು ಎರಡು ನಿಯಮ ಹೇಳಿದರು. ಕಾಯುವವನು ತನ್ನ ಮನೆಯ ಅನ್ನವನ್ನೇ ಉಣ್ಣಬೇಕು. ಅನುಮಾನ ಪಟ್ಟವನೇ ಮುಂದೆ ಕಾಯಲು ಕೂಡಬೇಕು. ಎರಡನೆಯದು ಅವರೇ ಹೇಳಿದರೋ, ಅಕ್ಕನ ಮಾವನ ಮೇಲಿನ ಸಿಟ್ಟಿಗೆ ಅನುವಾದದಲ್ಲಿ ನಾನೇ ಸೇರಿಸಿದೆನೋ, ಇಷ್ಟು ವರ್ಷ ಯೋಚಿಸಿದರೂ ಗೊತ್ತಾಗಿಲ್ಲ. ಅವರದೇ ಇರಬೇಕು. ಅಷ್ಟು ಜಾಣತನ ನನಗಿರಲಿಲ್ಲ.

ಹಾಗೆ ಅಕ್ಕನ ಮಾವ ಕಂಬಳಿ, ದಿನಗಟ್ಟಲೆ ಕೆಡದ ಕಟಕರೊಟ್ಟಿಯ ಗಂಟು ಹೊತ್ತು ನಮ್ಮೂರ ಕಾಲುವೆ ದಂಡೆಗೆ ಬಂದು ಕೂತರು. ಅವರು ಕೂಗಿದ ಮಟ್ಟವನ್ನೂ ಕೆಳಗೆ ನಮ್ಮವನು ಕೂಗಿದ್ದನ್ನೂ ಹೋಲಿಸಿದಾಗ, ನೀರು ನಮ್ಮೂರಿಂದ ಪೂರ್ತಿ ಹೊರಟು ಗಡಿ ಮುಟ್ಟುವ ಮೊದಲೇ ಸೊರಗುತ್ತಿದ್ದದ್ದು ತಿಳಿಯಿತು. ಒಂದಷ್ಟು ನಮ್ಮ ಕಡೆಯ ಹೊಲದವರು ಕದ್ದು ಹಾಕಿದ ಪೈಪುಗಳಲ್ಲಿ, ಒಂದಷ್ಟು ಹೂಳಿನಲ್ಲಿ. ಎರಡೂರಿನವರ ಮಾತೂ ಸುಳ್ಳಾಗಿರಲಿಲ್ಲ. ಪೈಪು ಕಿತ್ತರು, ಹೂಳು ಎತ್ತಲು ಎರಡೂ ಕಡೆಯವರು ಇಳಿದರು. ಇದನ್ನು ನಾನು ಮೆಚ್ಚದೆ ಇರಲಾರೆ. ಆ ಸಂಸ್ಥೆ ಯಾರನ್ನೂ ಗೆಲ್ಲಿಸಲಿಲ್ಲ, ಯಾರೂ ತಲೆ ತಗ್ಗಿಸದೆ ಒಪ್ಪಿಕೊಳ್ಳಲು ಒಂದು ನೆವ ಕೊಟ್ಟಿತು. ರಾಜ್ಯಗಳ ನಡುವಿನ ವ್ಯಾಜ್ಯ ಆಮೇಲೂ ನಡೆದೇ ಇತ್ತು, ಅದು ಬೇರೆ.

ಆದರೆ ಪಂಚಮಿ ಸಮೀಪಿಸಿದರೂ ಬೀಗರು ಅಕ್ಕನನ್ನು ಕಳಿಸುವ ಮಾತು ಎತ್ತಲಿಲ್ಲ. ಕೇಳಲು ಅಪ್ಪನಿಗೆ ಅಭಿಮಾನ. ಅವ್ವ ಮಾತ್ರ ಮಜ್ಜಿಗೆ ಹಿಡಿದು ದಂಡೆಗೆ ಹೋಗುತ್ತಿದ್ದಳು.

“ಒಂದ್ ಗುಟುಕರ ಕುಡೀರಿ, ಬೀಗರ.”

“ಹಂಗಾಮು ಮುಗದು ಕಾಲುವಿ ನೀರು ಬಂದ್ ಆದ ಮ್ಯಾಲೆ ಕುಡಿತೀನಿ, ಯವ್ವಾ. ಈಗ ಕುಡದ್ರ ನನ್ನ ಮಾತು ನಮ್ಮೂರಾಗ ನಡೆಯಂಗಿಲ್ಲ.”

ಅವರ ಗಂಟು ಬರಿದಾಗುತ್ತ ಬಂತು. ಕಳೆ ತೆಗೆಯುವ ದಿನಗಳು, ಅಲ್ಲಿಂದ ಬುತ್ತಿ ಹೊತ್ತು ತರಲು ಯಾರಿಗೂ ಪುರಸೊತ್ತಿಲ್ಲ. ನಮ್ಮ ಮನೆಯ ಅನ್ನ ಮುಟ್ಟುವ ಹಾಗಿಲ್ಲ. ಕೊನೆಗೆ ಅವರೇ ತಮ್ಮೂರಿಗೆ ಹೇಳಿ ಕಳಿಸಿದರು: ಸೊಸೆ ಬರಲಿ, ಹಿಟ್ಟು ತರಲಿ.

ಅಕ್ಕ ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಬಸ್ಸಿನಿಂದ ಇಳಿದಳು. ಅವ್ವ ಅವಳನ್ನು ಅಪ್ಪಿಕೊಳ್ಳುವ ಮೊದಲೇ ಒಂದು ಚಿಂತೆಗೆ ಬಿದ್ದಳು. ರೊಟ್ಟಿ ಬಡಿಯುವುದು ನಮ್ಮ ಒಲೆಯ ಮೇಲೆ, ನಡೆಯುತ್ತದೆಯೇ? ಬೀಗರು ಅದನ್ನು ಸಾಹೇಬರವರೆಗೆ ಒಯ್ಯಲಿಲ್ಲ. “ಒಲಿ ಯಾರದಾದ್ರೇನು, ಹಿಟ್ಟು ನಮ್ದು, ಕೈ ನಮ್ದು,” ಎಂದು ತಾವೇ ತೀರ್ಮಾನಿಸಿದರು.

ಪಂಚಮಿಯ ದಿನ ಅಪ್ಪ ಜೋಕಾಲಿ ಕಟ್ಟಿದ. ಅಕ್ಕ ಬುತ್ತಿಯ ಜೊತೆ ಶೇಂಗಾ ಉಂಡಿಯನ್ನೂ ದಂಡೆಗೆ ಒಯ್ದಳು. ಸಾಹೇಬರೂ ಅಂದು ಅಲ್ಲಿದ್ದರು ಎಂದು ನಾನು, ಅವರು ಯಾವಾಗಲೋ ಊರು ಬಿಟ್ಟಿದ್ದರು ಎಂದು ಅಕ್ಕ. ಉಂಡಿ ಯಾರು ಕಟ್ಟಿದ್ದು ಎಂದು ಮಾವ ಕೇಳಿದ್ದರಲ್ಲಿ ಮಾತ್ರ ನಮ್ಮಿಬ್ಬರಿಗೂ ಸಂಶಯವಿಲ್ಲ.

“ನಾನ ಕಟ್ಟೀನ್ರಿ ಮಾವ,” ಅಂದಳು ಅಕ್ಕ.

ಕಟ್ಟಿದ್ದು ಅವ್ವ. ಮಾವ ಉಂಡಿಯನ್ನು ತಿರುಗಿಸಿ ನೋಡಿದರು, ತಿಂದರು, ಇನ್ನೊಂದು ತೆಗೆದುಕೊಂಡರು. ಎದ್ದು ಹೋಗಿ ಅಂದಿನ ಮಟ್ಟವನ್ನು ಎಂದಿನಂತೆ ದೊಡ್ಡ ದನಿಯಲ್ಲಿ ಕೂಗಿ ಬಂದರು.

“ನೀರು ಬಂದ್ ಆಗೋ ತನಕಾ ಇಲ್ಲೇ ಇರು,” ಎಂದು ಅಕ್ಕನಿಗೆ ಹೇಳಿದರು. “ನನಗ ರೊಟ್ಟಿ ಬೇಕಲ್ಲ.”

ಆ ವರ್ಷ ನೀರು ನಿಲ್ಲಿಸಿದ್ದು ತಡವಾಗಿ. ಅಲ್ಲಿಯವರೆಗೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು.