ಮಾವನ ‘ಬಘೂಯಾ’

ಮಾವ, ಅಂದರೆ ನನ್ನ ಅಮ್ಮನ ತಮ್ಮ, ಹದಿನೇಳು ವರ್ಷ ಸೈನ್ಯದಲ್ಲಿದ್ದು ಡೊಂಬಿವಲಿಗೆ ವಾಪಸು ಬಂದಾಗ ಅಜ್ಜ ನಮ್ಮ ಹೋಟೆಲಿನ ಗಲ್ಲಾ ತೋರಿಸಿ "ಕೂತ್ಕೋ" ಅಂದರು. ಮಾವ ಕೂರಲಿಲ್ಲ. ಲಾ ಕಾಲೇಜಿಗೆ ಸೇರಿದರು. ಮೊದಲ ದಿನ ಅವರ ಮೀಸೆ ನೋಡಿಯೇ ಪ್ರೊಫೆಸರ್ ಅಂದುಕೊಂಡು ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತಂತೆ. ಮಾವ "ಬೈಠೋ" ಅಂದು ಹಿಂದಿನ ಬೆಂಚಿಗೆ ಹೋದರು.

ವಕೀಲರಾದ ಮೇಲೆ ಠಾಣೆ ನಗರದ ಕೋರ್ಟಿನಲ್ಲಿ ಹೆಸರು ಕರೆದಾಗಲೆಲ್ಲ ಬೂಟು ಕುಟ್ಟಿ ನಿಲ್ಲುತ್ತಿದ್ದರು. "ವಕೀಲರೇ, ಮೆಲ್ಲಗೆ, ಕಟ್ಟಡ ಹಳೆಯದು" ಎಂದು ಜಡ್ಜ್ ಸಾಹೇಬರೇ ಹೇಳಿದ್ದುಂಟು. ಆದರೂ ಒಂದು ಚಾಳಿನ ಬಾಡಿಗೆದಾರರನ್ನು ಬಿಲ್ಡರ್ ಹೊರದಬ್ಬದಂತೆ ಮಾವ ತಡೆದರು. ಆಮೇಲೆ ಆ ಜನರೇ ಇಲೆಕ್ಷನ್‌ಗೆ ನಿಲ್ಲಿ ಎಂದು ಗಂಟುಬಿದ್ದರು.

ಪ್ರಚಾರಕ್ಕೆ ನಾನೂ ಹೋದೆ. ಮಾವನದು ಮಾರ್ಚ್ ನಡಿಗೆ, ಹಿಂದೆ ಕರಪತ್ರ ಹಿಡಿದು ನಮ್ಮದು ಓಟ. ಯಾರಾದರೂ ಗಟಾರದ ಮಾತೆತ್ತಿದರೆ ಸಾಕು, "ಅದು ಶಾಸಕನ ಕೆಲಸವಲ್ಲ, ಪಾಲಿಕೆಯದ್ದು" ಎಂದು ಕಾನೂನು ವಿವರಿಸಿಬಿಡುತ್ತಿದ್ದರು. ಸೋತರು.

"ಕೇಳಿದವರಿಗೆಲ್ಲ ಇಲ್ಲ ಅಂದ್ರೆ ಓಟು ಯಾರು ಹಾಕ್ತಾರೆ ಮಾರಾಯ್ರೇ?" ಅತ್ತೆ ಅಂದರು. "ಸುಳ್ಳು ಬೇಡ. ಎಲ್ಲರ ಹಾಗೆ ‘ಬಘೂಯಾ’, ನೋಡೋಣ, ಅಂತಾದ್ರೂ ಹೇಳಿ."

ಮುಂದಿನ ಸಲ ಮಾವ ಮನೆಮನೆಗೂ ‘ಬಘೂಯಾ’ ಹೇಳಿದರು. ಗೆದ್ದರು.

ಆದರೆ ಅತ್ತೆಗೆ ಗೊತ್ತಿಲ್ಲದ ಹಾಗೆ ಎಲ್ಲೆಲ್ಲಿ ಹಾಗೆ ಹೇಳಿದ್ದರೋ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಗೆದ್ದ ಮೂರನೇ ದಿನ ಬೆಳಿಗ್ಗೆ ಆರಕ್ಕೆ ನನ್ನನ್ನೂ ಎಬ್ಬಿಸಿ, ನೋಡಲು ಹೊರಟರು! ಮೊದಲ ಮನೆಯ ಮರಾಠಿ ಅಜ್ಜಿ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಾಗಿಲು ತೆರೆದು ಗಾಬರಿಯಾದರು.

"ಮತ್ತೆ ಇಲೆಕ್ಷನ್ನಾ?"

"ಇಲ್ಲ ಆಜಿ, ಗಟಾರ ನೋಡೋಣ ಅಂದಿದ್ದೆನಲ್ಲ."

ಮಾವ ಬಗ್ಗಿ ನೋಡಿದರು. ಮುಚ್ಚಿಲ್ಲದ ಗಟಾರ, ನಿಜಕ್ಕೂ ಪಾಲಿಕೆಯ ಕೆಲಸವೇ. ಈ ಸಲ ಹಾಗೆ ಹೇಳಲಿಲ್ಲ. ಅಲ್ಲೇ ಕೂತು ಪಾಲಿಕೆಗೆ ಅರ್ಜಿ ಬರೆದು ಅಜ್ಜಿಯ ಸಹಿ ಹಾಕಿಸಿದರು. ನಿದ್ದೆಗೆಟ್ಟ ನನ್ನ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ.

ಮೂರನೇ ಅರ್ಜಿಗೆ ಗಟಾರದ ಮೇಲೆ ಚಪ್ಪಡಿ ಬಿತ್ತು. ಅಜ್ಜಿ ಒಂದು ಡಬ್ಬಿ ಚಕ್ಕುಲಿ ಕಳಿಸಿದರು. ಶಾಸಕ ಉಡುಗೊರೆ ತೆಗೆದುಕೊಳ್ಳಬಾರದು ಎಂದು ಮಾವ ವಾಪಸು ಕೊಡಲು ಎದ್ದರು. ಅಷ್ಟರಲ್ಲಿ ಅತ್ತೆಯೂ ನಾನೂ ಅರ್ಧ ಡಬ್ಬಿ ಮುಗಿಸಿದ್ದೆವು.