ತಗಡಿನ ತೂತಿನಿಂದ ಇಳಿದ ಗ್ರಹಣ

ಕಳೆದ ತಿಂಗಳು ಐಗಳಿಯ ನಮ್ಮ ಮನೆಯ ನಡುಮನೆ ಮೇಲಿನ ತಗಡುಗಳನ್ನು ಇಳಿಸಿದೆವು. ಸ್ಲ್ಯಾಬ್ ಹಾಕಿಸುವುದಿತ್ತು. ಅಂಗಳದ ತುಂಬ ತುಕ್ಕಿನ ವಾಸನೆ. ಒಂದು ತಗಡನ್ನು ಎತ್ತಿ ಹಿಡಿದಾಗ ಹಳೆಯ ಮೊಳೆ ತೂತಿನಿಂದ ಬಿಸಿಲು ಕಂಡಿತು. ಪಕ್ಕದ ಮನೆಯ ಅಕ್ಕೋರು ನೆನಪಾದರು…

ಅವರು ನಿವೃತ್ತ ಶಿಕ್ಷಕಿ. ಕನ್ನಡದಲ್ಲಿ ಕಲಿಸಿ ಮರಾಠಿಯಲ್ಲಿ ಬೈಯುತ್ತಿದ್ದರೆಂದು ಅವರ ಕೈಯಲ್ಲಿ ಕಲಿತವರು ಈಗಲೂ ನಗುತ್ತಾರೆ. ಸೋಮವಾರದ ಒಪ್ಪೊತ್ತನ್ನಾಗಲಿ, ಗ್ರಹಣದ ಉಪವಾಸವನ್ನಾಗಲಿ ಅವರು ಒಮ್ಮೆಯೂ ತಪ್ಪಿಸಿದವರಲ್ಲ. ಇದನ್ನು ಮೊದಲೇ ಹೇಳಬೇಕು. ಇಲ್ಲದಿದ್ದರೆ ಮುಂದೆ ಅವರು ಮಾಡಿದ್ದು ಸುಲಭದ ಕೆಲಸದಂತೆ ಕಂಡೀತು.

ಕೊರೊನಾ ಬರುವ ಮುಂಚಿನ ಡಿಸೆಂಬರ್. ಎಳ್ಳಮಾವಾಸ್ಯೆಯಾದರೂ ಓಣಿಯಲ್ಲಿ ಒಲೆ ಹೊತ್ತಿರಲಿಲ್ಲ. ಬೆಳಗ್ಗೆ ಎಂಟರ ಸುಮಾರಿಗೆ ಸೂರ್ಯಗ್ರಹಣ ಹಿಡಿಯುವುದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿಗೆ ಏಳು ತಿಂಗಳು. ಹಿಂದಿನ ಸಲ ಹುಟ್ಟಿದ ಕೂಸು ಉಳಿದಿರಲಿಲ್ಲ. ಅದಕ್ಕೇ ಅವ್ವ ಆಕೆಯನ್ನು ನಡುಮನೆಯಲ್ಲಿ ಮಲಗಿಸಿ, ಬಾಗಿಲು ಹಾಕಿ, ಕಿಟಕಿಗೆ ಕೌದಿ ಕಟ್ಟಿದ್ದಳು. ಹಿಂದಿನ ರಾತ್ರಿಯಿಂದ ಅನ್ನವಿಲ್ಲ, ನೀರಿಲ್ಲ. ಖಾಲಿ ಹೊಟ್ಟೆಯಲ್ಲಿ ಇರಬಾರದೆಂದು ಡಾಕ್ಟರು ಹೇಳಿದ್ದರು. ಒಂಬತ್ತರ ಹೊತ್ತಿಗೆ ವೈನಿಗೆ ಕಣ್ಣು ಕತ್ತಲೆ ಬರತೊಡಗಿತು. ನೀರಾದರೂ ಕೊಡು ಎಂದು ಅಣ್ಣ ಅವ್ವನಿಗೆ ಹೇಳಿ ನೋಡಿದ, ನಾನೂ ಹೇಳಿದೆ.

“ಗ್ರಹಣ ಬಿಡೂಮಟ ಒಂದ ಹನಿ ಇಲ್ಲ. ಆ ಕೂಸಿನ್ನ ಉಡಿಯಾಗ ಇಟ್ಕೊಂಡ ಕುಂತಾಕಿ ನಾ. ನೀವಲ್ಲ” ಎಂದಳು ಅವ್ವ.

ನಾನು ಹೋಗಿ ಅಕ್ಕೋರನ್ನು ಕರೆತಂದೆ. ಅವ್ವನಿಗೆ ತಿಳಿಹೇಳುತ್ತಾರೆಂದುಕೊಂಡಿದ್ದೆ. ಅವರು ವೈನಿಯ ಪಕ್ಕ ಸುಮ್ಮನೆ ಕೂತರು.

ಸ್ವಲ್ಪ ಹೊತ್ತಿಗೆ ಅವ್ವ ಚೀರಿದಳು. “ಯವ್ವಾ! ಗ್ರಹಣ ಒಳಗ ಬಂತಲ್ಲರೆಪಾ!”

ತಗಡಿನ ತೂತಿನಿಂದ ಇಳಿದ ಬೆಳಕು ವೈನಿ ಹೊದ್ದ ಚಾದರದ ಮೇಲೆ ಬಿದ್ದಿತ್ತು. ದಿನವೂ ದುಂಡಗೆ ಬೀಳುತ್ತಿದ್ದದ್ದು ಅಂದು ಕುಡುಗೋಲಿನಂತೆ ಬಾಗಿತ್ತು. ಆಕಾಶದಲ್ಲಿ ಸೂರ್ಯ ಎಷ್ಟು ಉಳಿದಿದ್ದನೋ ಅದೇ ಆಕಾರ. ಅವ್ವ ಕೋಣೆಯನ್ನು ಅಷ್ಟು ಕತ್ತಲು ಮಾಡಿರದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳು ಸೆರಗಿನಿಂದ ಅದನ್ನು ಮುಚ್ಚಲು ಹೋದಳು. ಅದು ಸೆರಗಿನ ಮೇಲೇ ಬಂದು ಕೂತಿತು.

ಅಕ್ಕೋರು ನಕ್ಕರು. “ಯಕ್ಕಾ, ನೀ ಹೊರಗ ಹೋಗವಲ್ಲಿ ಅಂತ ಅದ ನಿನ್ನ ಹುಡುಕ್ಕೊಂಡ ಬಂದೈತಿ. ಬರೇ ಬಿಸಲ ಅದು. ಹಿಡಿ ಕೈ.”

ಮೊದಲು ತಮ್ಮ ಅಂಗೈ ಒಡ್ಡಿದರು. ಸಣ್ಣ ಸೂರ್ಯ ಅದರಲ್ಲಿ ನಿಂತ. ಆಮೇಲೆ ಅವ್ವನ ಕೈ ಹಿಡಿದು ಒಡ್ಡಿಸಿದರು. ಚೀರಾಟ ಕೇಳಿ ಓಣಿಯವರು ಬಾಗಿಲು ತಳ್ಳಿಕೊಂಡು ಬಂದಿದ್ದರು. ಹೆದರಿ ಕದ ಹಾಕಿಕೊಂಡು ಕೂತಿದ್ದವರೇ ಈಗ “ಬಾಗಲಾ ಮುಚ್ಚರ್ಲೇ, ಕಾಣವಲ್ದು” ಎನ್ನುತ್ತಿದ್ದರು. ಎದುರುಮನೆಯ ಅಜ್ಜ “ಸರೀರಿ, ನನ್ನ ಪಾಳಿ” ಎಂದು ಒಳಗೆ ನುಗ್ಗಿದ. ಹತ್ತು ಕೈಗಳು ಒಂದರ ಪಕ್ಕ ಒಂದು. ವೈನಿಯೂ ಎದ್ದು ಕೂತು ತನ್ನ ಕೈ ಚಾಚಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅತ್ತಿ, ನೀರ ಕೊಡ್ರಿ.”

ಅವ್ವ ತಲೆ ಎತ್ತಲಿಲ್ಲ.

ಅಕ್ಕೋರು ಎದ್ದು ತಂಬಿಗೆ ತುಂಬಿಕೊಂಡು ಬಂದರು. ಎಲ್ಲರ ಎದುರು ಒಂದು ಗುಟುಕು ತಾವು ಕುಡಿದರು. ತಂಬಿಗೆಯನ್ನು ವೈನಿಗೆ ಕೊಡಲಿಲ್ಲ, ಅವ್ವನ ಕೈಗೆ ಕೊಟ್ಟರು. “ನೀನ ಕುಡಸ ಯಕ್ಕಾ. ದೋಷ ಹತ್ತೂದಿದ್ರ ಮೊದಲ ನನಗ ಹತ್ತಲಿ.”

ಅವ್ವ ಎಷ್ಟು ಹೊತ್ತು ತಂಬಿಗೆ ಹಿಡಿದು ನಿಂತಿದ್ದಳೋ… ಕೊನೆಗೆ ಬಾಗಿ ಕುಡಿಸಿದಳು.

ಊರಿನ ಸುದ್ದಿಗಾರನಾಗಿ ಅಂದು ನಾನು ಪತ್ರಿಕೆಗೆ ಕಳಿಸಿದ ವರದಿಯಲ್ಲಿ ಗ್ರಹಣ ಹಿಡಿದ ಹೊತ್ತು, ಬಿಟ್ಟ ಹೊತ್ತು, ಬಾಗಿಲು ಮುಚ್ಚಿದ ಗುಡಿಗಳು ಎಲ್ಲ ಇದ್ದವು. ಆ ಒಂದು ಗುಟುಕು ನೀರು ಇರಲಿಲ್ಲ. ವೈನಿಗೆ ಮುಂದೆ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಬೆಳೆಯಿತು. ಎಷ್ಟೋ ದಿನಗಳ ಮೇಲೆ ಅಕ್ಕೋರ ಕಟ್ಟೆಯ ಮೇಲೆ ಕೂತಾಗ, ಅವತ್ತು ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

“ಆಗದ ಏನ ತಮ್ಮಾ? ಕೂಸ ಹುಟ್ಟೂಮಟ ನನಗ ನಿದ್ದಿ ಹತ್ತಿಲ್ಲ. ಆದ್ರ ಆಕಿಗೆ ನೀರಡಿಸಿತ್ತಲ್ಲ” ಎಂದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ಪಕ್ಕದ ಮನೆಗೆ ಬೀಗ ಬಿದ್ದಿದೆ. ಅಕ್ಕೋರಿಗೆ ಹೆದರಿಕೆಯೆಂಬುದೇ ಇರಲಿಲ್ಲವೆಂದು ಅವ್ವ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ತಿದ್ದಲು ಹೋಗಿಲ್ಲ.